ಬಲಗೆನ್ನೆಗೆ ವರ್ಗವಾದ ಮಚ್ಚೆ

ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಮೂವತ್ತೆಂಟು ವರ್ಷ ಸ್ಟುಡಿಯೋ ನಡೆಸಿ ಈಗ ಮನೆಯಲ್ಲಿ ಕುಳಿತಿದ್ದೇನೆ. ಇಷ್ಟು ದೀರ್ಘ ಸೇವೆಯಲ್ಲಿ ನನಗೆ ಒಂದೇ ಒಂದು ಬಡ್ತಿಯೂ ಸಿಗಲಿಲ್ಲ. ಮಾಲೀಕನೂ ನಾನೇ ನೌಕರನೂ ನಾನೇ ಆಗಿದ್ದರಿಂದ, ಒಬ್ಬನನ್ನು ಮೇಲೆತ್ತಿದರೆ ಇನ್ನೊಬ್ಬನಿಗೆ ಬೇಜಾರಾದೀತೆಂದು ಆ ಕಡತವನ್ನು ತೆರೆಯಲೇ ಇಲ್ಲ. ನಿವೃತ್ತಿ ಮಾತ್ರ ಕ್ರಮಬದ್ಧವಾಗಿ ನಡೆಯಿತು. ಮೊಣಕಾಲು ಶಿಫಾರಸು ಮಾಡಿತು, ಮನೆಯವಳು ಮಂಜೂರು ಮಾಡಿದಳು.

ತಂಗಿಯ ಮಗಳು ಸಿಂಧು ಹೋದ ತಿಂಗಳು ಒಂದು ಕ್ಯಾಮೆರಾ ಕೊಂಡಳು. ಇದನ್ನೇ ಕಸುಬು ಮಾಡಿಕೊಳ್ಳುತ್ತಾಳಂತೆ. "ಮಾವ, ಪೋರ್ಟ್ರೇಟ್ ತೆಗೆಯೋಕೆ ಯಾವ ಲೆನ್ಸ್ ಒಳ್ಳೇದು?" ಎಂದು ಕೇಳಿದಳು. "ನಿನ್ನ ಹತ್ತಿರ ಒಳ್ಳೆಯ ಸ್ಟೂಲು ಇದೆಯಾ?" ಎಂದೆ. ತಮಾಷೆ ಎಂದುಕೊಂಡು ನಕ್ಕಳು. ತಮಾಷೆಯಲ್ಲ. ಕೈಯಿಲ್ಲದ, ಬೆನ್ನಿಲ್ಲದ, ಒಂದು ಕಾಲು ಕೂದಲೆಳೆಯಷ್ಟು ಗಿಡ್ಡವಾದ ಸ್ಟೂಲಿನ ಮೇಲೆ ಕೂತವನು ಬೀಳದಂತೆ ಎಚ್ಚರವಾಗಿರುತ್ತಾನೆ. ಎಚ್ಚರವಾಗಿರುವ ಮುಖವೇ ಅರ್ಧ ಫೋಟೋ. ಕುರ್ಚಿಗೆ ಒರಗಿದವನು ಐದು ನಿಮಿಷದಲ್ಲಿ ಪಂಚಾಯ್ತಿ ಮೆಂಬರ್ ಆಗಿಬಿಡುತ್ತಾನೆ. ಇಂಥ ಸಂಗತಿಗಳನ್ನು ಬರೆದುಕೊಡಿ ಎಂದಳು. ಬರೆಯುತ್ತಿದ್ದೇನೆ. ನನ್ನ ಸಾಧನೆಗಳ ಪಟ್ಟಿ ಕೊಡೋಣವೆಂದರೆ ಒಂದು ಪೋಸ್ಟ್‌ಕಾರ್ಡ್ ಸಾಕಾಗುತ್ತದೆ. ಆದ್ದರಿಂದ ತಪ್ಪುಗಳನ್ನು ಬರೆಯುತ್ತೇನೆ, ಅವು ವಿಪುಲವಾಗಿವೆ.

ನಾನು ಕೆಲಸ ಕಲಿತದ್ದು ಚಾಮರಾಜನಗರದಲ್ಲಿ, ಗುರುಸಿದ್ದಪ್ಪನವರ ಬಳಿ. ಅವರ ಸ್ಟುಡಿಯೋದ ಮಾಡಿನಲ್ಲಿ ಗಾಜಿನ ಹೆಂಚು ಹಾಕಿಸಿದ್ದರು. ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆವರೆಗೆ ಅದರಿಂದ ಇಳಿಯುವ ಬೆಳಕನ್ನು ಬಿಟ್ಟರೆ ಬೇರೆ ಬೆಳಕನ್ನು ಅವರು ಬೆಳಕೆಂದು ಒಪ್ಪುತ್ತಿರಲಿಲ್ಲ. ಹನ್ನೆರಡಕ್ಕೆ ಬಂದ ಗಿರಾಕಿಗೆ "ಇವತ್ತು ನಿಮ್ ಮೊಕ ಮುಗೀತು, ನಾಳೆ ಬನ್ನಿ" ಎಂದು ಕಳಿಸಿಬಿಡುತ್ತಿದ್ದರು. ಮೊದಲ ಒಂದು ವರ್ಷ ನನಗೆ ಕ್ಯಾಮೆರಾ ಮುಟ್ಟಲು ಬಿಡಲಿಲ್ಲ. ಕೂತವರನ್ನು ಮಾತಾಡಿಸುವುದಷ್ಟೇ ನನ್ನ ಇಲಾಖೆ.

"'ರೆಡಿ' ಅಂತ ಅನ್ನಬ್ಯಾಡ ಕಣಯ್ಯ. ರೆಡಿ ಅಂದ್ರೆ ನಮ್ ಜನ ಸತ್ತೋಯ್ತರೆ. ಎತ್ತಿನ್ ವಿಚಾರ ಕೇಳು, ಬದುಕ್ತರೆ" ಎನ್ನುತ್ತಿದ್ದರು.

ಅದು ನಿಜ. 'ರೆಡಿ' ಎಂಬ ಪದ ಕಿವಿಗೆ ಬಿದ್ದ ಕೂಡಲೇ ನಮ್ಮ ಸೀಮೆಯ ಮನುಷ್ಯ ಕಣ್ಣು ಅಗಲಿಸಿ, ಗಲ್ಲ ಎತ್ತಿ, ಜಾಮೀನು ಸಿಗದ ಆರೋಪಿಯಂತೆ ಕೂರುತ್ತಾನೆ. "ಎಡಗಡೆ ಎತ್ತು ಸ್ವಲ್ಪ ಸೋಮಾರಿ ಅಲ್ವಾ ನಿಮ್ಮದು?" ಎಂದು ಕೇಳಿ ನೋಡಿ. ಆ ಎತ್ತಿನ ಪರವಾಗಿ ಅವನು ಬಾಯಿ ತೆರೆಯುವ ಮುಂಚಿನ ಅರ್ಧ ಕ್ಷಣದಲ್ಲಿ ಮುಖದ ಮೇಲೆ ಒಂದು ಬೆಳಕು ಬರುತ್ತದೆ. ಅದನ್ನು ಹಿಡಿಯಬೇಕು. ಬಾಯಿ ತೆರೆದ ಮೇಲೆ ಹಿಡಿದರೆ ಹಲ್ಲಷ್ಟೇ ಸಿಗುತ್ತದೆ.

ಗುರುಗಳ ಇನ್ನೊಂದು ವಿದ್ಯೆ ನೆಗೆಟಿವ್ ತಿದ್ದುವುದು. ಚೂಪು ಪೆನ್ಸಿಲಿನಿಂದ ನೆಗೆಟಿವ್ ಮೇಲೆ ಸಣ್ಣ ಸಣ್ಣ ಚುಕ್ಕೆ ಇಟ್ಟರೆ ಪ್ರಿಂಟಿನಲ್ಲಿ ಆ ಜಾಗ ಬೆಳ್ಳಗಾಗುತ್ತದೆ, ಸುಕ್ಕು ಮಾಯವಾಗುತ್ತದೆ. ಗುರುಗಳು ಸುಕ್ಕು ಅಳಿಸಿದರೆ ಮುಖದಲ್ಲಿ ಕೆಲಸ ನಡೆದಿದೆಯೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ನನಗೂ ಕೈ ಕೂಡಿತು, ಕೂಡಿದ ಮೇಲೆ ಅತಿಯಾಯಿತು. ಎಪ್ಪತ್ತು ದಾಟಿದ ಪುಟ್ಟಮಾದಪ್ಪ ಎನ್ನುವವರೊಬ್ಬರ ಮುಖದಿಂದ ಮೂವತ್ತು ವರ್ಷವನ್ನು ನಾನು ಬಹಳ ಶ್ರದ್ಧೆಯಿಂದ ತೆಗೆದುಹಾಕಿದೆ. ಫೋಟೋ ಒಯ್ಯಲು ಬಂದವರು ಅದನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ಆಮೇಲೆ ಕಣ್ಣು ಒರೆಸಿಕೊಂಡು, "ಇದು ನಮ್ ತಮ್ಮ ಕಣ್ ಬುದ್ದಿ. ತೀರ್ಕಂಡು ಬೋ ವರ್ಸ ಆಯ್ತು. ನಿಮ್ಗೆ ಎಲ್ ಸಿಕ್ದ?" ಎಂದರು.

ಅವರು ಫೋಟೋವನ್ನು ಸಂತೋಷವಾಗಿ ಒಯ್ದರು. ನನಗೆ ಸಂತೋಷವಾಗಲಿಲ್ಲ. ಸುಕ್ಕು ಆಯಾ ಮುಖದ ಮಾಲೀಕರ ಸ್ವತ್ತು, ಅದನ್ನು ಒತ್ತುವರಿ ಮಾಡುವ ಅಧಿಕಾರ ಫೋಟೋದವನಿಗಿಲ್ಲ ಎಂದು ಅಂದೇ ತೀರ್ಮಾನಿಸಿದೆ. ಸ್ವಂತ ಸ್ಟುಡಿಯೋ ತೆರೆದ ಮೇಲೆ ಮಚ್ಚೆ, ಗಾಯದ ಗುರುತು, ಸಿಡುಬಿನ ಕಲೆ ಯಾವುದಕ್ಕೂ ಪೆನ್ಸಿಲ್ ಮುಟ್ಟಿಸಲಿಲ್ಲ. ಮೊಡವೆಗೆ ಮಾತ್ರ ವಿನಾಯಿತಿ ಇತ್ತು, ಏಕೆಂದರೆ ಅದು ತಾತ್ಕಾಲಿಕ ಹುದ್ದೆ.

ಗುಂಡ್ಲುಪೇಟೆಯ ಸ್ಟುಡಿಯೋದಲ್ಲಿ ಒಂದು ಕರಿ ಕೋಟು ನೇತುಹಾಕಿದ್ದೆ. ಒಂದು ಕಾಲಕ್ಕೆ ತಾಲ್ಲೂಕಿನ ಅರ್ಧದಷ್ಟು ಮದುವೆ ಗಂಡುಗಳು ಅದನ್ನೇ ತೊಟ್ಟು ಹೆಣ್ಣಿನ ಮನೆಗಳಿಗೆ ಹೋಗಿದ್ದಾರೆ, ಫೋಟೋದಲ್ಲಿ. ಸಣಕಲನಿಗೆ ಬೆನ್ನ ಹಿಂದೆ ಬಟ್ಟೆಯ ಕ್ಲಿಪ್ಪು, ದಪ್ಪಗಿನವನಿಗೆ ಬೆನ್ನ ಹೊಲಿಗೆಯನ್ನೇ ಬಿಚ್ಚಿ ಇಟ್ಟಿದ್ದೆ. ಅಕ್ಕಿ ಗಿರಣಿಯವರೊಬ್ಬರು ಆ ಕೋಟು ತೊಟ್ಟದ್ದನ್ನು ಮರೆತು ಹಾಗೆಯೇ ರಸ್ತೆಗಿಳಿದರು. ಎದುರಿನಿಂದ ಬಂದವರು ಕೈಮುಗಿದರು, ಹಿಂದಿನಿಂದ ಬಂದವರು ನಕ್ಕರು.

ಇನ್ನೊಬ್ಬ ಹಿರಿಯರು ಫೋಟೋ ತೆಗೆಯುವಾಗ ಉಸಿರಾಡಬಾರದೆಂದು ಎಲ್ಲೋ ಕೇಳಿಕೊಂಡು ಬಂದಿದ್ದರು. ಉಸಿರು ಕಟ್ಟಿ ಕೂತರು. ನಾನು ತೆಗೆದು ಮುಗಿಸಿ, ಮುಗಿಯಿತು ಎಂದು ಹೇಳುವುದನ್ನು ಮರೆತು, ಬಾಗಿಲಲ್ಲಿ ಯಾರನ್ನೋ ಮಾತಾಡಿಸುತ್ತ ನಿಂತೆ. ತಿರುಗಿ ನೋಡುವಷ್ಟರಲ್ಲಿ ಅವರು ಬದನೆಕಾಯಿ ಬಣ್ಣಕ್ಕೆ ಬಂದಿದ್ದರು. "ಇನ್ನೊಂದ್ ಚಣ ತಡ್ದಿದ್ರೆ ನಮ್ಮನೆಯೋರು ಈ ಪೋಟೋಗೇ ಊವ ಆಕಬೇಕಿತ್ತು ಕಣ್ಲಾ!" ಎಂದು ಬೈದರು.

ಆದರೆ ಈ ಕಸುಬು ಏನೆಂದು ನನಗೆ ನಿಜವಾಗಿ ತಿಳಿದದ್ದು ಹಂಗಳದ ನಾಗಮಣಿಯ ಪ್ರಕರಣದಲ್ಲಿ. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಆಗ ನಾನು ಸ್ಟುಡಿಯೋ ತೆರೆದು ಎರಡು ವರ್ಷವಾಗಿತ್ತು. ಕಪ್ಪುಬಿಳುಪು ಇನ್ನೂ ಬಳಕೆಯಲ್ಲಿತ್ತು. ಮದುವೆಯ ಮಾತುಕತೆಗೆ ಮೊದಲು ಹುಡುಗಿಯ ಫೋಟೋ ಹೋಗುತ್ತಿತ್ತು. ಫೋಟೋ ಒಪ್ಪಿದರೆ ಗಂಡಿನ ಕಡೆಯವರು ಬರುತ್ತಿದ್ದರು. ಹಂಗಳದ ಮಾದಪ್ಪನವರು ಅರಿಶಿನ ಬೆಳೆಯುವ ರೈತರು, ಎರಡು ಹೆಣ್ಣುಮಕ್ಕಳ ತಂದೆ. ದೊಡ್ಡವಳು ನಾಗಮಣಿಯನ್ನು ಕರೆತಂದರು. ಚುರುಕು ಕಣ್ಣಿನ, ಮಾತಿಗೆ ಮಾತು ಕೊಡುವ ಹುಡುಗಿ. ಎಡಗೆನ್ನೆಯ ಮೇಲೆ ಕಡಲೆಬೇಳೆಯಷ್ಟು ದೊಡ್ಡ ಮಚ್ಚೆ. ಎರಡೂ ಭುಜದ ಮೇಲೆ ಸೆರಗು ಹೊದ್ದು ಸ್ಟೂಲಿನ ಮೇಲೆ ಕೂತಳು. ಎತ್ತಿನ ವಿಚಾರ ಕೇಳಿದೆ. "ಎತ್ತಿಗೂ ಒಂದ್ ಪೋಟೋ ತಗೀರಿ, ಅದ್ಕೂ ಗಂಡು ನೋಡನ" ಎಂದಳು. ಹಾಗೆಂದ ಮರುಕ್ಷಣ ತನ್ನ ಮಾತಿಗೆ ತಾನೇ ನಗದೆ ತಡೆದುಕೊಂಡ ಮುಖವನ್ನು ಹಿಡಿದೆ. ನಾನು ತೆಗೆದ ಒಳ್ಳೆಯ ಹತ್ತು ಫೋಟೋಗಳಲ್ಲಿ ಅದೂ ಒಂದು ಎಂದು ಇವತ್ತಿಗೂ ಹೇಳುತ್ತೇನೆ.

ಒಯ್ಯಲು ಬಂದ ದಿನ ಕರೆಂಟು ಹೋಗಿತ್ತು. ಬರುವಷ್ಟರಲ್ಲಿ ಅವರ ಬಸ್ಸಿನ ಹೊತ್ತಾಗಿತ್ತು. ಡಾರ್ಕ್ ರೂಮಿಗೆ ಓಡಿ, ನೆಗೆಟಿವ್ ಅನ್ನು ಚಿತ್ರ ಹಿಗ್ಗಿಸುವ ಎನ್‌ಲಾರ್ಜರಿಗೆ ಸಿಕ್ಕಿಸಿ ಪ್ರಿಂಟ್ ಹಾಕಿದೆ. ಈಗಿನವರಿಗೆ ತಿಳಿಯಲೆಂದು ಹೇಳುತ್ತೇನೆ: ನೆಗೆಟಿವ್‌ಗೆ ಒಂದು ಮಗ್ಗುಲು ಹೊಳಪು, ಒಂದು ಮಗ್ಗುಲು ಮಂಕು. ಮಂಕು ಮಗ್ಗುಲು ಕೆಳಗೆ ಬರಬೇಕು. ಹೊಳಪು ಕೆಳಗಾದರೆ ಚಿತ್ರ ತಿರುವುಮುರುವಾಗುತ್ತದೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಬೆರಳಿಂದ ಸವರಿ ನೋಡಿದರೆ ಗೊತ್ತಾಗುವ ವಿಚಾರ. ನಾನು ಸವರಿ ನೋಡಲಿಲ್ಲ.

ಒದ್ದೆ ಆರಿಸಿ ಕೌಂಟರಿನ ಮೇಲೆ ಇಟ್ಟೆ. ಮಾದಪ್ಪನವರು ಬಸ್ಸಿನ ಕಡೆ ನೋಡುತ್ತಿದ್ದರು. ನಾಗಮಣಿ ಫೋಟೋ ನೋಡಿ, "ಇದೇ ಪಸ್ಟು ನಾನು ನನ್ನಂಗೇ ಬಂದಿರೋದು. ಇಸ್ಕೂಲ್ ಪೋಟೋದಲ್ಲೆಲ್ಲ ಯಾರೋ ಬಂದವ್ಳೆ" ಎಂದಳು. ನನ್ನ ಎದೆ ಎರಡಂಗುಲ ಉಬ್ಬಿತು. ಅದೇ ಕ್ಷಣದಲ್ಲಿ ನನಗೆ ಅನುಮಾನ ಬರಬೇಕಿತ್ತು. ಹೊಗಳಿಕೆ ಬಂದಾಗ ಅನುಮಾನ ಬರುವಷ್ಟು ವಯಸ್ಸು ನನಗೆ ಆಗಿರಲಿಲ್ಲ. ಮಾದಪ್ಪನವರು ಅದನ್ನು ಅಲ್ಲಿಯೇ ಕವರಿಗೆ ಹಾಕಿಸಿ ಅಂಟಿಸಿಕೊಂಡು, ಸಂತೆಮರಹಳ್ಳಿಗೆ ಹೊರಟಿದ್ದ ನೆಂಟರೊಬ್ಬರ ಕೈಗೆ ಬಸ್ ಸ್ಟ್ಯಾಂಡಿನಲ್ಲೇ ಕೊಟ್ಟುಬಿಟ್ಟರು. ಮನೆಯಲ್ಲಿ ಬೇರೆ ಯಾರೂ ಅದನ್ನು ನೋಡಲಿಲ್ಲ.

ಸಂತೆಮರಹಳ್ಳಿಯ ಗಂಡು ಶಿವಸ್ವಾಮಿ, ಪ್ರೈಮರಿ ಶಾಲೆ ಮೇಷ್ಟ್ರು. ತಾಯಿಯಿಲ್ಲದ ಅವನನ್ನು ಸಾಕಿದವರು ಸೋದರತ್ತೆ ದೊಡ್ಡತಾಯಮ್ಮನವರು. ಹೆಸರಿಗೆ ತಕ್ಕ ಆಕಾರ, ಆಕಾರಕ್ಕೆ ತಕ್ಕ ದನಿ. ಅವರಿಗೆ ಫೋಟೋ ಬಹಳ ಹಿಡಿಸಿ, ಹದಿನೈದು ದಿನ ದೇವರ ಗೂಡಿನಲ್ಲಿಟ್ಟು ಬೆಳಿಗ್ಗೆ ಸಂಜೆ ನೋಡಿದರಂತೆ. ಒಂದು ಭಾನುವಾರ ಒಂದು ವ್ಯಾನ್ ಮಾಡಿಕೊಂಡು ಹಂಗಳಕ್ಕೆ ಹೋದರು.

ಅಲ್ಲಿ ನಡೆದದ್ದನ್ನು ನಾನು ಆಮೇಲೆ ಕೇಳಿ ತಿಳಿದೆ. ನಾಗಮಣಿ ಕಾಫಿ ತಟ್ಟೆ ಹಿಡಿದು ಬಂದಳು. ದೊಡ್ಡತಾಯಮ್ಮನವರು ಲೋಟ ತೆಗೆದುಕೊಳ್ಳದೆ ಮುಖವನ್ನೇ ನೋಡಿದರು. ಆಮೇಲೆ ಚೀಲದಿಂದ ಫೋಟೋ ತೆಗೆದು ಹುಡುಗಿಯ ಮುಖದ ಪಕ್ಕಕ್ಕೆ ಹಿಡಿದರು. ಫೋಟೋದಲ್ಲಿ ಮಚ್ಚೆ ಕಿಟಕಿ ಕಡೆಗಿತ್ತು. ಹುಡುಗಿಯ ಮಚ್ಚೆ ಬಾಗಿಲ ಕಡೆಗಿತ್ತು.

"ಇವ್ಳಲ್ಲ" ಎಂದರು.

ನಮ್ಮ ಕಡೆ ಒಂದು ಪದ್ಧತಿಯಿದೆ. ದೊಡ್ಡವಳನ್ನು ನೋಡಲು ಬರುವ ದಿನ ಚಿಕ್ಕವಳನ್ನು ನೆಂಟರ ಮನೆಗೆ ಕಳಿಸಿಬಿಡುತ್ತಾರೆ. ಬಂದವರ ಕಣ್ಣು ಚಿಕ್ಕವಳ ಮೇಲೆ ಬಿದ್ದರೆ ದೊಡ್ಡವಳು ಉಳಿದುಬಿಡುತ್ತಾಳಲ್ಲ, ಆ ಭಯ. ಒಂದು ವರ್ಷ ಚಿಕ್ಕವಳಾದ ತಂಗಿಯನ್ನು ಮಾದಪ್ಪನವರೂ ಹಿಂದಿನ ದಿನವೇ ಬೇಗೂರಿಗೆ ಕಳಿಸಿದ್ದರು. ಹೀಗಾಗಿ ದೊಡ್ಡತಾಯಮ್ಮನವರು "ಎಲ್ಲಿ ಇನ್ನೊಬ್ಬ್ಳು?" ಎಂದು ಕೇಳಿದಾಗ ಕೊಡಬಹುದಾಗಿದ್ದ ಪ್ರಾಮಾಣಿಕ ಉತ್ತರವೇ ಅತ್ಯಂತ ಕೆಟ್ಟ ಉತ್ತರವಾಗಿತ್ತು.

"ಬಚ್ಚಿಟ್ಬುಟ್ರಾ? ಪೋಟೋದಲ್ಲಿ ಒಬ್ಬ್ಳ ತೋರ್ಸಿ ಮಣೆ ಮ್ಯಾಲೆ ಇನ್ನೊಬ್ಬ್ಳ ಕೂರಿಸ್ತೀರಾ?"

"ಇಲ್ಲ ಕಣವ್ವ, ಚಿಕ್ಕವ್ಳಿಗೆ ಮಚ್ಚೇನೆ ಇಲ್ಲ! ದೊಡ್ಡವ್ಳಿಗೆ ಎಡಗೆನ್ನೇಲಿ ಮಚ್ಚೆ ಅದೆ ಅಂತ ಇಸ್ಕೂಲ್ ಸರ್ಟಿಪಿಕೀಟ್‌ನಲ್ಲೂ ಬರ್ದದೆ" ಎಂದರು ಮಾದಪ್ಪ.

"ಬರ್ದೋನು ಯಾರು? ಮೇಷ್ಟ್ರು. ಮೇಷ್ಟ್ರ ಮಾತ ನಂಬಕಾದದಾ?" ಪಕ್ಕದಲ್ಲೇ ಕೂತಿದ್ದ ಮೇಷ್ಟ್ರು ಶಿವಸ್ವಾಮಿ ಕಾಫಿ ಲೋಟದೊಳಕ್ಕೆ ನೋಡಿದನಂತೆ.

ಹೊರಗೆ ಊರವರು ಸೇರತೊಡಗಿದರು. ಒಂದು ಸಲ 'ಹೆಣ್ಣು ಬದಲಾಯಿಸಿದ ಮನೆ' ಎಂದು ಹೆಸರು ಬಿದ್ದರೆ ನಾಗಮಣಿಗೆ ಮಾತ್ರವಲ್ಲ, ತಂಗಿಗೂ ಗಂಡು ಸಿಗುವುದಿಲ್ಲ. ಆಗ ಶಿವಸ್ವಾಮಿ ಫೋಟೋವನ್ನು ತಿರುಗಿಸಿ, ಹಿಂದಿದ್ದ ನನ್ನ ಸ್ಟುಡಿಯೋದ ಮೊಹರು ತೋರಿಸಿ, "ಅತ್ತೆ, ಇವ್ರನ್ನೇ ಕೇಳ್ಬುಡನ" ಎಂದ. ಅವನು ಅವತ್ತು ಆಡಿದ ಮೊದಲ ಮಾತು ಅದು. ಎಲ್ಲರೂ ಎದ್ದರು. ಹುಡುಗಿ ಮನೆಯಲ್ಲಿರಲಿ ಎಂದರೆ ನಾಗಮಣಿ ಒಪ್ಪಲಿಲ್ಲ. "ಮಚ್ಚೆ ನಂದು. ನಾನೂ ಬತ್ತೀನಿ" ಎಂದು ವ್ಯಾನ್ ಹತ್ತಿ ಕೂತಳು.

ನಾನು ಮಧ್ಯಾಹ್ನ ಊಟಕ್ಕೆ ಷಟರ್ ಎಳೆಯಬೇಕು ಎನ್ನುವಾಗ ಇಡೀ ನ್ಯಾಯಪೀಠ ಬಂದು ಇಳಿಯಿತು. ಎದುರಿನ ಸ್ಟುಡಿಯೋದ ವೇಣುವೂ ಬಾಗಿಲಿಗೆ ಬಂದು ನಿಂತ. ಸುಲ್ತಾನ್ ಬತ್ತೇರಿಯಿಂದ ಬಂದು ಆರು ತಿಂಗಳ ಹಿಂದೆ ಅಂಗಡಿ ತೆರೆದಿದ್ದ ಮಲಯಾಳಿ, ನನ್ನ ಏಕೈಕ ಪ್ರತಿಸ್ಪರ್ಧಿ.

ದೊಡ್ಡತಾಯಮ್ಮನವರು ಫೋಟೋವನ್ನು ಕೌಂಟರಿನ ಮೇಲೆ ಬಡಿದರು. "ಇದು ಯಾರ್ ಪೋಟೋ ಏಳಯ್ಯ."

ಫೋಟೋ ನೋಡಿದೆ, ನಾಗಮಣಿಯನ್ನು ನೋಡಿದೆ. ಏನಾಗಿದೆಯೆಂದು ಒಂದೇ ಕ್ಷಣದಲ್ಲಿ ತಿಳಿಯಿತು. ಕರೆಂಟು ಹೋದದ್ದು, ಬಸ್ಸಿನ ಆತುರ, ಸವರಿ ನೋಡದ ಬೆರಳು ಎಲ್ಲ ಸಾಲಾಗಿ ಕಣ್ಣ ಮುಂದೆ ಬಂದವು. ಇನ್ನೂ ಒಂದು ವಿಷಯ ಬಂತೆಂದು ಒಪ್ಪಿಕೊಳ್ಳುತ್ತೇನೆ: 'ಪ್ರಿಂಟು ಮೈಸೂರಿನಲ್ಲಿ ಹಾಕಿಸಿದ್ದು, ಅವರ ತಪ್ಪು' ಎಂದುಬಿಡಬಹುದಿತ್ತು. ಬಾಯಿಯವರೆಗೂ ಬಂದಿತ್ತು. ಆದರೆ ಮಾದಪ್ಪನವರು ನನ್ನನ್ನು ನೋಡುತ್ತಿದ್ದ ರೀತಿ ಬೇರೆಯಿತ್ತು. ಜೀವಮಾನದಲ್ಲಿ ಎಷ್ಟೋ ಮುಖಗಳನ್ನು ನೋಡಿದ್ದೇನೆ, ಹಾಗೆ ಕಾದು ನಿಂತ ಮುಖ ಇನ್ನೊಂದು ನೋಡಿಲ್ಲ.

"ಇದು ಈ ಹುಡುಗಿಯದೇ ಫೋಟೋ ಅಮ್ಮ. ನಾನು ನೆಗೆಟಿವ್ ಹಿಂದುಮುಂದಾಗಿ ಹಾಕಿಬಿಟ್ಟಿದ್ದೇನೆ. ತಪ್ಪು ನನ್ನದು" ಎಂದೆ.

ನಿಜ ಹೇಳಿದ ಕೂಡಲೇ ಪರಿಸ್ಥಿತಿ ಸುಧಾರಿಸುತ್ತದೆಂದು ನೀತಿಪಾಠದಲ್ಲಿ ಓದಿದ್ದೆ. ದೊಡ್ಡತಾಯಮ್ಮನವರು ನೀತಿಪಾಠ ಓದಿರಲಿಲ್ಲ.

"ಅವ್ರು ಏಳ್ಕೊಟ್ಟಿದ್ದ ಏಳ್ತಾ ಇದ್ದೀಯ. ಒಂದ್ ಮೊಕದ್ ಮಚ್ಚೆ ಎದ್ದು ನಡ್ಕಂಡು ಇನ್ನೊಂದ್ ಕಡಿಕೆ ಓದದಾ?"

ನೆಗೆಟಿವ್ ತಂದು ಬೆಳಕಿಗೆ ಹಿಡಿದು ತೋರಿಸಿದೆ. ನೆಗೆಟಿವ್‌ನಲ್ಲಿ ಮುಖ ಕಪ್ಪು, ಕೂದಲು ಬಿಳುಪು. "ಅಯ್ಯೋ ನನ್ ಶಿವ್ನೆ, ಇದ್ಯಾವ ದೆವ್ವ!" ಎಂದು ಅವರು ಎರಡು ಹೆಜ್ಜೆ ಹಿಂದೆ ಸರಿದರು. ದೆವ್ವದ ಸಾಕ್ಷ್ಯವನ್ನು ನ್ಯಾಯಪೀಠ ಸ್ವೀಕರಿಸಲಿಲ್ಲ. ಇನ್ನು ಉಳಿದದ್ದು ಒಂದೇ ದಾರಿ.

"ಅಮ್ಮ, ನಿಮ್ಮ ಕಣ್ಣೆದುರಿಗೇ ಪ್ರಿಂಟ್ ಹಾಕುತ್ತೇನೆ. ಒಳಗೆ ಬನ್ನಿ. ಹುಡುಗಿಯೂ ಬರಲಿ."

ನನ್ನ ಡಾರ್ಕ್ ರೂಮು ಒಬ್ಬರಿಗೆ ವಿಶಾಲ, ಇಬ್ಬರಿಗೆ ಇಕ್ಕಟ್ಟು. ದೊಡ್ಡತಾಯಮ್ಮನವರು ಒಳಗೆ ಬಂದ ಮೇಲೆ ನಾನು ಮತ್ತು ನಾಗಮಣಿ ಉಳಿದ ಮೂಲೆಗಳನ್ನು ಹಂಚಿಕೊಂಡೆವು. ಕರಿ ಪರದೆ ಎಳೆದು ಕೆಂಪು ಬಲ್ಬು ಹಾಕಿದೆ. ಉಳಿದವರೆಲ್ಲ ಪರದೆಯಾಚೆ ಕಿವಿ ಕೊಟ್ಟು ನಿಂತರು. ನೆಗೆಟಿವ್ ಅನ್ನು ಎರಡು ಸಲ ಸವರಿ, ಮಂಕು ಮಗ್ಗುಲು ಕೆಳಗೆ ಮಾಡಿ, ಕಾಗದಕ್ಕೆ ಬೆಳಕು ಬಿಟ್ಟು, ಅದನ್ನು ಚಿತ್ರ ಮೂಡಿಸುವ ಡೆವಲಪರ್ ನೀರಿನ ತಟ್ಟೆಯಲ್ಲಿ ಮುಳುಗಿಸಿದೆ. ಕಾಗದ ಬಿಳಿಯಾಗಿಯೇ ಇತ್ತು.

"ಏನೂ ಇಲ್ವಲ್ಲ" ಎಂದರು ದೊಡ್ಡತಾಯಮ್ಮನವರು.

"ತಟ್ಟೆ ನೋಡ್ತಾ ಇರಿ."

ಮೊದಲು ಕೂದಲು ಬಂತು. ಆಮೇಲೆ ಕಣ್ಣು. ದೊಡ್ಡತಾಯಮ್ಮನವರ ಉಸಿರು ನಿಂತಿತು, ದನಿ ಮಾತ್ರ ಎದ್ದಿತು. ಪರದೆಯಾಚೆಯವರಿಗೆ ವರದಿ ಕೊಡತೊಡಗಿದರು: "ಬತ್ತಾ ಅದೆ ಕಣ್ರೋ! ಕಣ್ ಬುಡ್ತು! ನೀರೊಳಗಿಂದ ಎದ್ದು ಬತ್ತಾ ಅವ್ಳೆ! ಮೂಗು ಬಂತು..."

"ಮಚ್ಚೆ?" ಪರದೆಯಾಚೆಯಿಂದ ಶಿವಸ್ವಾಮಿಯ ಗಂಟಲು.

"ತಡ್ಯೋ, ಆತ್ರಗೆಟ್ಟೋನೆ! ...ಬಂತು! ಪರ್ದೆ ಕಡಿಕೆ ಬಂತು!" ನಾಗಮಣಿಯ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿ ನೋಡಿದರು. "ಇವ್ಳದೂ ಪರ್ದೆ ಕಡಿಕೇ ಅದೆ!"

ಈಗ ಅದೇ ನೆಗೆಟಿವ್ ಅನ್ನು ಅವರ ಕೈಯಲ್ಲೇ ತಿರುವಿಸಿ ಹಾಕಿಸಿದೆ. ಎರಡನೇ ಕಾಗದ ತಟ್ಟೆಗೆ ಇಳಿಯಿತು. ಅದೇ ಕೂದಲು, ಅದೇ ಕಣ್ಣು. ಮಚ್ಚೆ ಮಾತ್ರ ಗೋಡೆಯ ಕಡೆ ಬಂತು. ದೊಡ್ಡತಾಯಮ್ಮನವರು ಈ ಸಲ ವರದಿ ಕೊಡಲಿಲ್ಲ. ಎರಡನ್ನೂ ಚಿತ್ರ ಅಳಿಯದಂತೆ ನಿಲ್ಲಿಸುವ ಹೈಪೋದಲ್ಲಿ ಅದ್ದಿ, ನೀರಲ್ಲಿ ಜಾಲಿಸಿ, ಹೊರಗೆ ತಂದು ಪಕ್ಕಪಕ್ಕ ಇಟ್ಟಾಗ ಮಾದಪ್ಪನವರು ನೆಲದ ಮೇಲೆ ಹಾಗೆಯೇ ಕೂತುಬಿಟ್ಟರು.

"ಅಲ್ಲಮ್ಮಿ," ದೊಡ್ಡತಾಯಮ್ಮನವರು ನಾಗಮಣಿಯ ಕಡೆ ತಿರುಗಿದರು, "ಇವ ಎಡವ್ದ ಸರಿ. ನಿನ್ ಮೊಕ ನಿಂಗೆ ಗೊತ್ತಿಲ್ವಾ? ಪೋಟೋ ಈಸ್ಕಳಾಗ ಏಳಕೇನಾಗಿತ್ತು?"

ನಾಗಮಣಿ ತಪ್ಪು ಪ್ರಿಂಟಿನ ಮೇಲೆ ಬೆರಳಿಟ್ಟಳು. "ನಾನು ದಿನಾ ನೋಡೋಳು ಇವ್ಳೇ ಕಣತ್ತೆ. ಕನ್ನಡೀಲಿ ಇಂಗೇ ಕಾಣದು." ಸರಿಯಾದ ಪ್ರಿಂಟನ್ನು ಸ್ವಲ್ಪ ಹೊತ್ತು ನೋಡಿದಳು. "ಇವ್ಳ ನಾನು ನೋಡೇ ಇಲ್ಲ."

ದೊಡ್ಡತಾಯಮ್ಮನವರು ಗೋಡೆಯ ಕನ್ನಡಿಯ ಮುಂದೆ ಹೋಗಿ ನಿಂತು, ತಮ್ಮ ಮೂಗುಬೊಟ್ಟನ್ನು ಮುಟ್ಟಿ ನೋಡಿಕೊಂಡರು. ಕನ್ನಡಿಯೊಳಗಿನ ಹೆಂಗಸು ಯಾವ ಕೈಯಿಂದ ಮುಟ್ಟುತ್ತಿದ್ದಾಳೆಂದು ಪರೀಕ್ಷಿಸಿದರು. ಅರವತ್ತು ವರ್ಷದ ಪರಿಚಯವೊಂದು ಅನುಮಾನಕ್ಕೆ ಬಿದ್ದಂತಿತ್ತು.

ಅಷ್ಟರಲ್ಲಿ ಶಿವಸ್ವಾಮಿ ಕೌಂಟರಿಗೆ ಬಂದು ಸರಿಯಾದ ಪ್ರಿಂಟನ್ನು ಕೈಗೆತ್ತಿಕೊಂಡ. "ಇದ್ನ ನಾನ್ ಇಟ್ಕತೀನಿ. ನನ್ಗೆ ಕಾಣೋದು ಇವ್ರೇ" ಎಂದ. ನಾಗಮಣಿ ತಲೆ ತಗ್ಗಿಸಿದಳು, ನಗು ಮರೆಸಲು. ಅತ್ತೆಯವರು ಕನ್ನಡಿಯಿಂದ ತಿರುಗಿ ಅಂತಿಮ ತೀರ್ಪು ಕೊಟ್ಟರು:

"ಎಣ್ಣು ಸರಿಯಾಗದೆ. ಪೋಟೋದವ್ನೇ ಸರಿಯಿಲ್ಲ. ನಡೀರಿ, ಕಾಪಿ ಆರೋಯ್ತು, ಓಗಿ ಬ್ಯಾರೆ ಕಾಯ್ಸಿ."

ಆ ದಿನದಿಂದ ಕೆಲಸದ ಬಗ್ಗೆ ನನ್ನ ವಿಚಾರವೇ ಬದಲಾಯಿತು. ಫೋಟೋ ಹೇಗಿದೆ ಎಂದು ಕೂತವರನ್ನು ಕೇಳುವುದನ್ನು ಬಿಟ್ಟೆ, ಅವರ ಜೊತೆ ಬಂದವರನ್ನು ಕೇಳತೊಡಗಿದೆ. ತನ್ನ ಮುಖದ ಬಗ್ಗೆ ಅತ್ಯಂತ ತಪ್ಪು ಮಾಹಿತಿ ಇರುವುದು ಮುಖದ ಮಾಲೀಕನಿಗೇ. "ನಾನು ಹೀಗಿಲ್ಲ" ಎಂದು ಗಿರಾಕಿ ಜಗಳ ತೆಗೆದರೆ ನಾನು ಕೋಪಿಸಿಕೊಳ್ಳಲಿಲ್ಲ. ಮುಂದೆ ಬಣ್ಣದ ಫಿಲಂ ಬಂತು, ಡಾರ್ಕ್ ರೂಮು ಹೋಗಿ ಕಂಪ್ಯೂಟರ್ ಬಂತು, ಈಗ ಸಿಂಧುವಿನ ಫೋನ್ ಇದೆ. ಫೋನಿನ ಮುಂದಿನ ಕ್ಯಾಮೆರಾ ಕನ್ನಡಿಯ ಹಾಗೆ ಮುಖವನ್ನು ತಿರುವಿ ತೋರಿಸುತ್ತದೆ, ಹಾಗೆ ತೋರಿಸಿದರೇ ಜನಕ್ಕೆ ಸಮಾಧಾನ. ನಾನು ಬೈಗುಳ ತಿಂದ ತಪ್ಪನ್ನು ಈಗ ಸೌಲಭ್ಯ ಎಂದು ಕೊಡುತ್ತಿದ್ದಾರೆ. ಸ್ವಲ್ಪ ಬೇಗ ಹುಟ್ಟಿದ್ದೇ ನನ್ನ ದೋಷವಿರಬೇಕು.

ಮದುವೆ ಗುಂಡ್ಲುಪೇಟೆಯ ಛತ್ರದಲ್ಲೇ ಆಯಿತು. ಫೋಟೋ ತೆಗೆಯುವ ಕೆಲಸ ವೇಣುವಿಗೆ ಹೋಯಿತು. ದೊಡ್ಡತಾಯಮ್ಮನವರು ಲಗ್ನಪತ್ರಿಕೆ ಕೊಡಲು ಬಂದಾಗ ಕಾರಣವನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿದರು: "ನೀನು ತೆಗುದ್ರೆ ಎಡಗಡೆ ಕೂರ್ಸಿದ್ ಎಣ್ಣು ಬಲಗಡೆ ಬಂದ್ಬುಟ್ಟದು. ಊಟಕ್ಕೆ ಮಾತ್ರ ಬಾ. ಊಟದಲ್ಲಿ ಎಡವಕೇನೂ ಇಲ್ಲ."

ಹೋದೆ, ಉಂಡೆ. ಕೈತೊಳೆದು ಹೊರಡುವಾಗ ನಾಗಮಣಿ ಮಂಟಪದಿಂದಲೇ ಕರೆದಳು. "ಅಣ್ಣ, ನೀವೂ ಬನ್ನಿ, ನಿಂತ್ಕಳಿ." ಬೇಡವೆಂದೆ. ದೊಡ್ಡತಾಯಮ್ಮನವರು ತೋಳು ಹಿಡಿದು ಎಳೆದು ನಿಲ್ಲಿಸಿದರು. ಕಸುಬಿಗೆ ಇಳಿದಂದಿನಿಂದ ಕ್ಯಾಮೆರಾದ ಹಿಂದೆಯೇ ಇದ್ದವನಿಗೆ ಮುಂದೆ ನಿಂತು ಕೈಯನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ವೇಣು ಲೆನ್ಸಿನ ಹಿಂದಿನಿಂದ "ರೆಡಿ" ಎಂದ. ನಾನು ಕಣ್ಣು ಅಗಲಿಸಿ, ಗಲ್ಲ ಎತ್ತಿ ಸತ್ತೆ.

ತಿಂಗಳಾದ ಮೇಲೆ ಶಿವಸ್ವಾಮಿ ಆಲ್ಬಮ್ ತಂದು ತೋರಿಸಿದ. ಪುಟ ತಿರುವುತ್ತ ಆ ಫೋಟೋಗೆ ಬಂದೆ. ಮದುಮಕ್ಕಳ ಪಕ್ಕದಲ್ಲಿ ಯಾರೋ ಒಬ್ಬ ನಿಂತಿದ್ದ. ನನ್ನದೇ ಅಂಗಿ. ಆದರೆ ಕ್ರಾಪು ಆ ಕಡೆಗೆ ಬಾಚಿದೆ. ಹುಬ್ಬಿನ ಮೇಲಿನ ಗಾಯದ ಗುರುತು ಇರಬೇಕಾದ ಕಡೆ ಇಲ್ಲ, ಇನ್ನೊಂದು ಕಡೆ ಇದೆ. ಬಾಯಿ ಯಾವುದೋ ಸೊಟ್ಟ. ನನಗೆ ಆದ ಆನಂದವನ್ನು ಹೇಗೆ ಹೇಳಲಿ! ವೇಣುವೂ ಎಡವಿದ್ದಾನೆ! ಆಲ್ಬಮನ್ನು ಕಂಕುಳಲ್ಲಿಟ್ಟುಕೊಂಡು ರಸ್ತೆ ದಾಟಿದೆ. ಶಿವಸ್ವಾಮಿ ಹಿಂದೆಯೇ ಬಂದ.

"ಏನಪ್ಪ ವೇಣು, ನೀನೂ ತಿರುವಿ ಹಾಕಿಬಿಟ್ಟೆಯಲ್ಲ!" ಎಂದು, ಎಲ್ಲ ಸೌಜನ್ಯವನ್ನೂ ದನಿಯಲ್ಲಿ ತುಂಬಿಕೊಂಡು, ಫ್ರೇಮು ಒರೆಸುತ್ತಿದ್ದವನ ಮುಂದೆ ಪುಟ ತೆರೆದಿಟ್ಟೆ.

ವೇಣು ಫೋಟೋ ನೋಡಿದ, ನನ್ನ ಮುಖ ನೋಡಿದ. "ಹಿಂದೆ ಓದಿ, ಸಾರೆ" ಎಂದ.

ಫೋಟೋದಲ್ಲಿ ನಮ್ಮ ಬೆನ್ನ ಹಿಂದೆ, ಮಂಟಪದ ಪರದೆಯ ಮೇಲೆ, ಥರ್ಮಾಕೋಲಿನಲ್ಲಿ ಕೊರೆದು ಅಂಟಿಸಿದ ಅಕ್ಷರಗಳಿದ್ದವು. ನಾಗಮಣಿ, ಶಿವಸ್ವಾಮಿ. ಎಡದಿಂದ ಬಲಕ್ಕೆ, ನೆಟ್ಟಗೆ, ಒಂದನೇ ತರಗತಿಯ ಮಕ್ಕಳೂ ಓದುವ ಹಾಗೆ. ಮೇಷ್ಟ್ರು ಶಿವಸ್ವಾಮಿ ಕೆಮ್ಮಿದ. ಆ ಕೆಮ್ಮಿನಲ್ಲಿ ಶೀತವಿರಲಿಲ್ಲ.

ಫೋಟೋದಲ್ಲಿದ್ದ ಮನುಷ್ಯನನ್ನು ಮತ್ತೊಮ್ಮೆ ನೋಡಿದೆ. ಇಷ್ಟು ವರ್ಷ ನಮ್ಮ ಬೀದಿಯವರೆಲ್ಲ ಮಾತಾಡಿಸುತ್ತಿದ್ದದ್ದು ಇವನನ್ನೇ; ನನ್ನ ಹೆಂಡತಿ ಒಪ್ಪಿ ಮದುವೆಯಾದದ್ದೂ ಇವನನ್ನೇ. ನನಗೊಬ್ಬನಿಗೆ ಮಾತ್ರ ಪರಿಚಯವಿರಲಿಲ್ಲ. ನೋಡುತ್ತ ಹೋದಂತೆ ಅಷ್ಟೇನೂ ಕೆಟ್ಟವನಲ್ಲವೆನಿಸಿತು.

"ವೇಣು, ಇದರದ್ದು ನನಗೊಂದು ಕಾಪಿ ಹಾಕಿಕೊಡು" ಎಂದೆ.

ಅವನು ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಕೇಳಿದ: "ಯಾವ ಕಡೆಯಿಂದ ಹಾಕ್ಲಿ, ಸಾರೆ?"

"ಊರವರು ನೋಡೋ ಕಡೆಯಿಂದಲೇ ಹಾಕಪ್ಪ" ಎಂದೆ.